ಬೇಲಿ ಮೇಲಿನ ಕಾಯಿ

ಮರ ಗೌಡ್ರದು, ನೆರಳು ನಮ್ಮದು. ಹುಟ್ಟಿದಾಗಿನಿಂದ ನಮ್ಮ ಹಿತ್ತಲ ಮೇಲೇ ಕಣ್ಣಿಟ್ಟು ವಾಲಿಕೊಂಡು ಬೆಳೆದ ತೆಂಗು ಅದು. ಎರಡು ಮನೆಗೂ ನಡುವೆ ಹೆಸರಿಗೊಂದು ಮುಳ್ಳುತಂತಿ ಬೇಲಿ, ಅದರ ಮೇಲೆ ತೊಂಡೆ ಬಳ್ಳಿ. ತೊಂಡೆಕಾಯಿ ಯಾರ ಕಡೆ ಬಿಟ್ಟರೆ ಅವರದು ಅಂತ ಹಿಂದಿನ ತಲೆಮಾರಿನವರೇ ಒಪ್ಪಂದ ಮಾಡಿಕೊಂಡಿದ್ದರು. ತೆಂಗಿನಕಾಯಿಯ ಮಾತು ಮಾತ್ರ ಯಾರೂ ಎತ್ತಿರಲಿಲ್ಲ. ಅರಸೀಕೆರೆಯಂಥ ಊರಿನಲ್ಲಿ ಕಾಯಿಯ ಬಗ್ಗೆ ಒಪ್ಪಂದವೇ ಇಲ್ಲದೆ ಎರಡು ಮನೆ ಇಷ್ಟು ಕಾಲ ಚೆನ್ನಾಗಿದ್ದದ್ದು ಪವಾಡವೇ ಸರಿ.

ಬೇಸಿಗೆ ರಜದ ಒಂದು ಬೆಳಿಗ್ಗೆ ನಾನು ಕಾಫಿ ಲೋಟ ಹಿಡಿದು ಹಿತ್ತಲಿಗೆ ಬರುವುದಕ್ಕೂ ನಮ್ಮ ಕರಿಬೇವಿನ ಪಾತಿಗೆ ದಬ್ಬನೆ ಒಂದು ಕಾಯಿ ಬೀಳುವುದಕ್ಕೂ ಸರಿಹೋಯಿತು. ಎರಡು ಹೆಜ್ಜೆ ಮುಂದಿಟ್ಟಿದ್ದರೆ ಈ ಹರಟೆ ಬರೆಯಲು ನಾನಿರುತ್ತಿರಲಿಲ್ಲ.

“ತಗೊಳ್ಳಿ ಮೇಷ್ಟ್ರೇ, ಒಂದು ಕಾಯಿಗೇನು,” ಅಂದರು ಗೌಡ್ರು, ಬೇಲಿಯಾಚೆಯಿಂದ, ಬಾಯಲ್ಲಿ ಬೇವಿನ ಕಡ್ಡಿ.

“ಛೆ ಛೆ, ನಿಮ್ಮ ಮರದ್ದು. ನೀವಿಟ್ಕೊಳ್ಳಿ.”

ಇಂಥ ಉಪಚಾರದ ಮಾತಿಗೆ ನಮ್ಮ ಕಡೆ ಒಂದು ಲೆಕ್ಕವಿದೆ. ಮೂರು ಸಲ ಬೇಡ ಅನ್ನಬೇಕು, ನಾಲ್ಕನೇ ಸಲಕ್ಕೆ ಒಳಗೆ ತೆಗೆದುಕೊಂಡು ಹೋಗಬೇಕು. ನಾನು ಎರಡನೆಯದರಲ್ಲಿದ್ದೆ. ಅಷ್ಟರಲ್ಲಿ ಗೌಡ್ರ ಮೊಮ್ಮಗಳು ತೊಂಡೆ ಬಳ್ಳಿ ಸರಿಸಿ ತಲೆ ತೂರಿಸಿದಳು. ಐದನೇ ಕ್ಲಾಸು. ಮನೆಯಲ್ಲೂ ಬೀದಿಯಲ್ಲೂ ಎಲ್ಲರಿಗೂ ಪುಟ್ಟಿ.

“ತಾತ, ಒಂದು ಕಾಯಾದ್ರೆ ಕೊಡಬಹುದು ಅಂದ್ಯಲ್ಲ. ಎಷ್ಟು ಕಾಯಾದ್ರೆ ಕೊಡಬಾರ್ದು?”

ಗೌಡ್ರು ಬೇವಿನ ಕಡ್ಡಿ ಬಾಯಿಂದ ತೆಗೆದರು. “ನೂರು ಬಿದ್ರೆ ಕೊಡಾಕಾಯ್ತದೇನೆ?”

“ತೊಂಬತ್ತೊಂಬತ್ತು?”

“ಅದೂ ಆಗಲ್ಲ.”

“ತೊಂಬತ್ತೆಂಟು?”

ಎಪ್ಪತ್ತರ ಹತ್ತಿರ ಗೌಡ್ರು ಸೋತು ಮುಖ ತೊಳೆಯಲು ಹೋದರು. ನಾನು ಬೆಪ್ಪಾಗಿ ನಿಂತಿದ್ದೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಯೂಬುಲಿಡೀಸ್ ಎಂಬ ಗ್ರೀಕನೊಬ್ಬ ಎಸೆದು ಹೋದ ಒಗಟು ಇದೇ. ಕಾಳಿನ ರಾಶಿಯಿಂದ ಒಂದೊಂದೇ ಕಾಳು ತೆಗೆಯುತ್ತ ಹೋದರೆ, ಯಾವ ಕಾಳು ತೆಗೆದಾಗ ಅದು ರಾಶಿಯಲ್ಲ ಅಂತಾಗುತ್ತದೆ? ಪಂಡಿತರು ಇನ್ನೂ ತಲೆ ಕೆಡಿಸಿಕೊಳ್ಳುತ್ತಲೇ ಇದ್ದಾರೆ. ಈ ಹುಡುಗಿಗೆ ಯೂಬುಲಿಡೀಸನೂ ಗೊತ್ತಿಲ್ಲ, ಗ್ರೀಸೂ ಗೊತ್ತಿಲ್ಲ. ಗೊತ್ತಿದ್ದದ್ದು ತಾತನ ಜಿಪುಣತನ.

“ಯಾರದು ಅಂತ ತೀರ್ಮಾನ ಆಗೋವರ್ಗೂ ಇಲ್ಲೇ ಇರ್ಲಿ,” ಅಂತ ಪುಟ್ಟಿ ಕಾಯನ್ನು ಬೇಲಿಯ ಬುಡದಲ್ಲಿ, ತಂತಿಯ ಕೆಳಗೆ, ಅರ್ಧ ಈಚೆ ಅರ್ಧ ಆಚೆ ಬರುವ ಹಾಗೆ ಸರಿಯಾಗಿ ನಡುಮಧ್ಯ ಇಟ್ಟು ಹೋದಳು.

ಆಮೇಲೆ ಗೌಡ್ರ ಹೆಂಡತಿ, ಅಂದರೆ ಪುಟ್ಟಿಯ ಅಜ್ಜಿ, ಬೇಲಿ ಹತ್ತಿರ ಬಂದು ತಮ್ಮ ಗೋಳು ಹೇಳಿಕೊಂಡರು. ರಾತ್ರಿ ಮಲಗಿದ ಮೇಲೆ ಶುರುವಾಗುತ್ತದಂತೆ. ನಾನು ಹುಟ್ಟೋಕೆ ಮುಂಚೆ ಎಲ್ಲಿದ್ದೆ? ದೇವರ ಹತ್ರ. ದೇವರು ಎಲ್ಲಿದ್ದ? ಮೇಲೆ. ಮೇಲೆ ಅಂದ್ರೆ ಯಾವುದರ ಮೇಲೆ? ಮೋಡದ ಮೇಲೆ. ಮೋಡ ಯಾವುದರ ಮೇಲೆ? ಗಾಳಿ ಮೇಲೆ. ಗಾಳಿ? “ಬಾಯ್ಮುಚ್ಕೊಂಡು ಮಲೀಕಳೇ, ಇಲ್ಲಾಂದ್ರೆ ಬುರುಡೆ ಮೇಲೆ ಬೀಳ್ತವೆ ಅಂದೆ ಕಣಪ್ಪ. ನನಗೇನ್ ಗೊತ್ತು ಅದೆಲ್ಲ?”

“ಅಮ್ಮ, ನೀವು ಹೇಳಿದ್ದು ಯಾಜ್ಞವಲ್ಕ್ಯರ ಉತ್ತರ,” ಅಂದೆ. ಅಜ್ಜಿ ನನ್ನನ್ನು ಅನುಮಾನದಿಂದ ನೋಡಿದರು. ಆದರೆ ಮಾತು ನಿಜ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಗಾರ್ಗಿ ಕೇಳುವುದೂ ಹೀಗೇ. ಇದೆಲ್ಲ ನೀರಿನಲ್ಲಿ ಹಾಸುಹೊಕ್ಕಾಗಿದೆ ಅಂತೀರಿ, ನೀರು ಯಾವುದರಲ್ಲಿ? ಗಾಳಿಯಲ್ಲಿ. ಗಾಳಿ ಯಾವುದರಲ್ಲಿ? ಹೀಗೆ ಒಂದರ ಮೇಲೊಂದು ಲೋಕ ದಾಟುತ್ತ ಬ್ರಹ್ಮಲೋಕಕ್ಕೆ ಬಂದಾಗ ಯಾಜ್ಞವಲ್ಕ್ಯ ಹೇಳುತ್ತಾನೆ, ಅತಿಯಾಗಿ ಕೇಳಬೇಡ ಗಾರ್ಗಿ, ತಲೆ ಉರುಳೀತು. ಜನಕನ ಸಭೆಯಲ್ಲೂ ಅರಸೀಕೆರೆಯ ಹಾಸಿಗೆಯ ಮೇಲೂ ದೊಡ್ಡವರು ಕೈಚೆಲ್ಲುವುದು ಒಂದೇ ಕಡೆ. ವ್ಯತ್ಯಾಸವೆಂದರೆ ಗಾರ್ಗಿ ಅಲ್ಲಿಗೇ ಸುಮ್ಮನಾಗಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎದ್ದು ನಿಂತು ಕೇಳಿದಳು. ಈ ಭಾಗ ನಾನು ಅಜ್ಜಿಗೆ ಹೇಳಲಿಲ್ಲ.

“ನೀವು ಮೇಷ್ಟ್ರು. ಮಗೀಗೆ ಒಸಿ ಹೇಳಿಕೊಡಿ,” ಅಂದರು ಅಜ್ಜಿ.

ನಿವೃತ್ತನಾದ ಮೇಷ್ಟ್ರಿಗೆ ಇದಕ್ಕಿಂತ ಅಪಾಯದ ಮಾತು ಇನ್ನೊಂದಿಲ್ಲ. ಮಾರನೆಯ ದಿನವೇ ಪುಟ್ಟಿಯನ್ನು ಜಗಲಿ ಮೇಲೆ ಕೂರಿಸಿಕೊಂಡು, ಕಪಾಟಿನಿಂದ ದಪ್ಪ ಪುಸ್ತಕವೊಂದನ್ನು ಧೂಳು ಹೊಡೆದು ತೆಗೆದು, “ತತ್ತ್ವಶಾಸ್ತ್ರವೆಂದರೆ” ಅಂತ ಆರಂಭಿಸಿದೆ. ದರ್ಶನಗಳು ಆರು, ಆಸ್ತಿಕ ನಾಸ್ತಿಕ ಭೇದ, ಪ್ರಮಾಣಗಳು ಇಷ್ಟು. ಹತ್ತು ನಿಮಿಷದಲ್ಲಿ ಹುಡುಗಿ ಆಕಳಿಸಿದಳು. ಹದಿನೈದನೇ ನಿಮಿಷಕ್ಕೆ “ತಾತ, ಒಂದಕ್ಕೆ ಹೋಗ್ಬೇಕು” ಅಂತ ಹೋದವಳು ವಾಪಸ್ ಬರಲೇ ಇಲ್ಲ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಆ ನೆಪ ಗುರುತು ಸಿಗದೆ ಇರುತ್ತದೆಯೇ?

ಹಸಿವಾದ ಮಗುವಿಗೆ ನಾನು ಅಡುಗೆ ಪುಸ್ತಕ ಓದಿ ಹೇಳಿದ್ದೆ. ಪ್ರಶ್ನೆ ಅವಳ ಹತ್ತಿರ ಆಗಲೇ ಇತ್ತು, ಬಿಸಿಬಿಸಿಯಾಗಿ. ನಾನು ಅದನ್ನು ಆರಿಸಿ, ಹೆಸರು ಹಚ್ಚಿ, ಡಬ್ಬಿಗೆ ತುಂಬಲು ಹೋದೆ.

ಮೂರನೆಯ ದಿನ ಗೌಡ್ರ ಮನೆಯ ಅಟ್ಟದ ಮೇಲೆ ಕೊಬ್ಬರಿ ಇಳಿಸುವ ಕೆಲಸ. ಸಿಪ್ಪೆ ಸಮೇತ ಕಾಯಿಗಳನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ತಾನಾಗಿಯೇ ಬತ್ತಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಗಿಟುಕಾಗುತ್ತದೆ. ತಿಪಟೂರು, ಅರಸೀಕೆರೆ ಕಡೆಯ ಕೊಬ್ಬರಿಗೆ ಹೆಸರು ಬಂದದ್ದೇ ಈ ತಾಳ್ಮೆಯಿಂದ. ಗೌಡ್ರು ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಲೊಟಲೊಟ ಅಂದರೆ ಈ ಕಡೆ, ಸುಮ್ಮನಿದ್ದರೆ ಆ ಕಡೆ.

ಪುಟ್ಟಿ ನನಗೂ ಒಂದು ಕಾಯಿ ಕೊಟ್ಟಳು. “ಅಲ್ಲಾಡ್ಸಿ ಮೇಷ್ಟ್ರು ತಾತ. ಒಣಗೈತಾ?”

“ಒಣಗಿದೆ.”

“ಹೆಂಗೆ ಗೊತ್ತು? ನೋಡ್ಲೇ ಇಲ್ಲವಲ್ಲ.”

ನೋಡದೆ ಗೊತ್ತಾಗುವುದು ಹೇಗೆ! ಮೊನ್ನೆ ನಾನು ‘ಅನುಮಾನ ಪ್ರಮಾಣ’ ಅಂತ ಹೇಳಲು ಹೋಗಿ ಅವಳನ್ನು ಓಡಿಸಿದ ವಿಷಯ ಇದೇ ತಾನೇ? ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಇದೆ ಅನ್ನುವುದು ನೈಯಾಯಿಕರ ಹಳೆಯ ಉದಾಹರಣೆ. ನಮ್ಮ ಊರಿಗೆ ಬೆಟ್ಟವೂ ಬೇಡ, ಹೊಗೆಯೂ ಬೇಡ, ಅಟ್ಟದ ಕಾಯಿ ಸಾಕು. ಆದರೆ ಈ ಸಲ ನಾನು ಬುದ್ಧಿ ಕಲಿತಿದ್ದೆ, ಬಾಯಿ ಬಿಡಲಿಲ್ಲ. “ಯಾವಾಗಲೂ ಸರಿಯಾಗುತ್ತಾ, ನೋಡು” ಅಂದೆ ಅಷ್ಟೇ. ಲೊಟಲೊಟ ಅಂದ ಇಪ್ಪತ್ತು ಕಾಯಿಗಳನ್ನು ಪುಟ್ಟಿ ಒಡೆಸಿದಳು. ಹತ್ತೊಂಬತ್ತರಲ್ಲಿ ಗಿಟುಕು ಸರಿಯಾಗಿತ್ತು. ಇಪ್ಪತ್ತನೆಯದರಲ್ಲಿ ತಿರುಳು ಕೊಳೆತಿತ್ತು. ಸದ್ದು ಅದೇ, ಸರಕು ಬೇರೆ. ಅವಳು ಆ ಕೊಳೆತ ಗಿಟುಕನ್ನು ಹಿಡಿದು ಸಂಜೆಯವರೆಗೂ ಅಟ್ಟದ ಮೆಟ್ಟಿಲ ಮೇಲೆ ಕೂತಿದ್ದಳು.

ಅದೇ ವಾರ ಹಳೇಬೀಡಿನಲ್ಲಿ ಗೌಡ್ರ ಷಡ್ಡಕನ ಮನೆ ಗೃಹಪ್ರವೇಶ. ನನ್ನನ್ನೂ ಎಳೆದುಕೊಂಡು ಹೊರಟರು. ಜಾವಗಲ್ ಮೇಲೆ ಹೋಗುವ ಬಸ್ಸು, ಕಿಟಕಿಗೆ ಪುಟ್ಟಿ. ಊಟ ಮುಗಿಸಿ ದೇವಸ್ಥಾನದ ಕಡೆ ಹೋದೆವು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ಪಟ್ಟಿಗೆ ಸೇರಿದ ಮೇಲಂತೂ ಜಗತ್ತೇ ಬಂದು ಹೊಯ್ಸಳೇಶ್ವರದ ಗೋಡೆ ನೋಡುತ್ತದೆ. ನಾನು ಎಷ್ಟನೆಯ ಸಲ ಬಂದೆನೋ ಲೆಕ್ಕವಿಲ್ಲ. ಆದರೆ ಮಗುವಿನ ಜೊತೆ ಬಂದರೆ ಅದು ತೋರಿಸುವುದೇ ಬೇರೆ. ರಾಮಾಯಣದ ಸಾಲು, ಆನೆಯ ಸಾಲು ಎಲ್ಲವನ್ನೂ ಪುಟ್ಟಿ ಒಂದೇ ಉಸಿರಿಗೆ ದಾಟಿ ಪಕ್ಕದ ಒಂದು ಕಂಬದ ಮುಂದೆ ನಿಂತುಬಿಟ್ಟಳು. ಕುವರ ಲಕ್ಷ್ಮನ ಗರುಡಗಂಬ. ಎರಡನೆಯ ವೀರಬಲ್ಲಾಳನ ಅಂಗರಕ್ಷಕ ಈತ. ರಾಜ ಸತ್ತರೆ ತಾನೂ ಬದುಕಿರುವುದಿಲ್ಲ ಎಂದು ಭಾಷೆ ಕೊಟ್ಟ ಗರುಡರ ಪೈಕಿ. 1220ರ ಸುಮಾರಿನಲ್ಲಿ ಬಲ್ಲಾಳ ತೀರಿಕೊಂಡಾಗ ಕೊಟ್ಟ ಮಾತಿನಂತೆ ನಡೆದುಕೊಂಡ. ಕಂಬದ ನಡುವೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರ ಸಣ್ಣ ಸಣ್ಣ ಆಕೃತಿಗಳಿವೆ.

“ಅಂಥ ನಿಯತ್ತು ಈಗೆಲ್ಲೈತೆ,” ಅಂದರು ಗೌಡ್ರು.

“ನಿಯತ್ತಂತೆ. ಅವರವ್ವನ್ನ ಕೇಳಿದ್ರಾ ಯಾರಾದ್ರೂ?” ಅಂದರು ಅಜ್ಜಿ.

ಗಂಡ ಹೆಂಡಿರ ವಾದ ಬಿಸಿಯೇರಿತು. ಉಪ್ಪು ತಿಂದ ಮನೆ, ರಾಜಭಕ್ತಿ ಎಂದು ಒಬ್ಬರು, ಹೊಸ ರಾಜನಿಗೆ ಕಾವಲು ಬೇಡವಾ ಎಂದು ಇನ್ನೊಬ್ಬರು. ಮಧ್ಯದಲ್ಲಿ ಪುಟ್ಟಿ ಕೇಳಿದಳು: “ಅವ್ನು ಮಾತು ಕೊಟ್ಟಿದ್ದು ತಪ್ಪಾ, ಉಳಿಸ್ಕೊಂಡಿದ್ದು ತಪ್ಪಾ?” ಇಬ್ಬರೂ ನನ್ನ ಮುಖ ನೋಡಿದರು. ನಾನು ಕಂಬದ ತುದಿ ನೋಡಿದೆ.

ಅಲ್ಲಿಂದ ಬಸ್ತಿಹಳ್ಳಿಯ ಬಸದಿಗಳು ನಡೆದು ಹೋಗುವಷ್ಟೇ ದೂರ. ಬರುವವರು ಕಡಿಮೆ, ಅದೇ ಒಂದು ಸುಖ. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಬೊಪ್ಪದೇವ ತನ್ನ ತಂದೆ ಗಂಗರಾಜನ ನೆನಪಿಗೆ ಕಟ್ಟಿಸಿದ. ಒಳಗಿನ ಕಂಬಗಳನ್ನು ತಿರುಗಣೆಗೆ ಕೊಟ್ಟು ಕಡೆದು ಎಂಥ ನುಣುಪು ಮಾಡಿದ್ದಾರೆಂದರೆ ಕಲ್ಲು ಕನ್ನಡಿಯಾಗಿದೆ. ಉಬ್ಬಿನಲ್ಲಿ ಕುಳ್ಳಾಗಿ, ತಗ್ಗಿನಲ್ಲಿ ಸಣಕಲಾಗಿ, ಏಣೇಣಿನಲ್ಲೂ ಒಂದೊಂದು ಪುಟ್ಟಿ ಕಾಣಿಸಿದಳು. ಕೈ ಎತ್ತಿದಳು, ಎಲ್ಲರೂ ಎತ್ತಿದರು. ನಕ್ಕಳು. ಆಮೇಲೆ ನಗು ನಿಂತಿತು.

“ಇದರಲ್ಲಿ ಯಾವ್ದೂ ನನ್ನ ಥರ ಇಲ್ಲ. ಆದ್ರೆ ಎಲ್ಲಾ ನಾನೇ.” ಸ್ವಲ್ಪ ಹೊತ್ತು ಬಿಟ್ಟು, “ಮನೆ ಕನ್ನಡೀಲಿ ಕಾಣೋದಾದ್ರೂ ನನ್ನ ಥರಾನೇ ಐತೆ ಅಂತ ಹೆಂಗೆ ಹೇಳೋದು?”

ನನಗೆ ನಾಲಿಗೆ ತುದಿಗೆ ಬಂದಿತ್ತು. ಜೈನರ ಅನೇಕಾಂತವಾದ, ಒಂದು ವಸ್ತುವನ್ನು ಒಂದೊಂದು ಕಡೆಯಿಂದ ನೋಡಿದವರಿಗೆ ಒಂದೊಂದು ಸತ್ಯ, ಆನೆ ಮುಟ್ಟಿದ ಕುರುಡರು. ಹೇಳಲು ಇದಕ್ಕಿಂತ ತಕ್ಕ ಜಾಗ ಭೂಮಿಯ ಮೇಲೆ ಇದೆಯೇ? ಕಷ್ಟಪಟ್ಟು ನುಂಗಿಕೊಂಡೆ. ಮೇಷ್ಟ್ರಾದವನಿಗೆ ಗೊತ್ತಿದ್ದೂ ಸುಮ್ಮನಿರುವುದು ಏಕಾದಶಿ ಉಪವಾಸಕ್ಕಿಂತ ಕಷ್ಟ.

ರಾತ್ರಿ ಷಡ್ಡಕನ ಮನೆಯಲ್ಲೇ ಉಳಿದು ಬೆಳಿಗ್ಗೆ ಬೇಲೂರಿಗೆ ಹೋದೆವು. ಹದಿನಾರು ಕಿಲೋಮೀಟರಷ್ಟೇ. ದಾರಿಯಲ್ಲಿ ನಾನು ಅಜ್ಜಿಗೆ ಹೊಯ್ಸಳ ರಾಣಿ ಶಾಂತಲೆಯ ಮನೆಯ ಕಥೆ ಹೇಳಿದೆ, ಮಗುವಿಗಲ್ಲ, ಅಜ್ಜಿಗೆ. ಮಗು ಕದ್ದು ಕೇಳುತ್ತದೆ ಅಂತ ಗೊತ್ತಿತ್ತು. ಶಾಂತಲೆಯ ಅಪ್ಪ ಮಾರಸಿಂಗಯ್ಯ ಶಿವಭಕ್ತ. ಅಮ್ಮ ಮಾಚಿಕಬ್ಬೆ ಜೈನಳು. ಮಗಳು ಅಮ್ಮನ ದಾರಿ ಹಿಡಿದಳು, 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು. ಗಂಡ ವಿಷ್ಣುವರ್ಧನ ರಾಮಾನುಜರ ಪ್ರಭಾವದಿಂದ ವೈಷ್ಣವನಾದ ಅನ್ನುತ್ತಾರೆ, 1117ರಲ್ಲಿ ಬೇಲೂರಿನ ಕೇಶವನನ್ನು ಪ್ರತಿಷ್ಠೆ ಮಾಡಿಸಿದ. ಅದೇ ಆವರಣದಲ್ಲಿ ಚೆನ್ನಿಗರಾಯನ ಗುಡಿ ಕಟ್ಟಿಸಿದವಳು ಈ ಜೈನ ರಾಣಿ.

“ಆ ಮನೇಲಿ ಒಂದು ಮಗು ಈ ಲೋಕ ಯಾರು ಮಾಡಿದ್ದು ಅಂತ ಕೇಳಿದ್ರೆ?” ಅಂದೆ. “ತಾತ ಶಿವ ಅಂತಾನೆ. ಅಪ್ಪ ನಾರಾಯಣ ಅಂತಾನೆ. ಅಮ್ಮ, ಅಜ್ಜಿ, ಯಾರೂ ಮಾಡಿಲ್ಲ, ಮೊದಲಿಂದ ಇದೆ ಅಂತಾರೆ.”

“ಅಯ್ಯೋ, ಮಗಾ ಯಾರ್ ಮಾತು ಕೇಳ್ಬೇಕು?” ಅಂದರು ಅಜ್ಜಿ. ಈ ಸಲ ಪ್ರಶ್ನೆ ಕೇಳಿದವರು ಅವರು. ಹಿಂದಿನ ಸೀಟಿನಲ್ಲಿ ಪುಟ್ಟಿಯ ಕಿವಿ ನೆಟ್ಟಗಾಗಿತ್ತು.

ಇದಕ್ಕೆ ಬೇಲೂರಿನವರೇ ಒಂದು ಜಾಣ ಉತ್ತರ ಕಲ್ಲಿನಲ್ಲಿ ಕೊರೆಸಿಟ್ಟಿದ್ದಾರೆ. ಅಲ್ಲಿನ ಶಾಸನವೊಂದರ ಶ್ಲೋಕ ಶೈವರ ಶಿವ, ವೇದಾಂತಿಗಳ ಬ್ರಹ್ಮ, ಬೌದ್ಧರ ಬುದ್ಧ, ನೈಯಾಯಿಕರ ಕರ್ತೃ, ಜೈನರ ಅರ್ಹಂತ, ಮೀಮಾಂಸಕರ ಕರ್ಮ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, ಅವನೇ ಈ ಕೇಶವ ಅನ್ನುತ್ತದೆ. ನನ್ನ ದಪ್ಪ ಪುಸ್ತಕದ ಅರ್ಧ ಪರಿವಿಡಿ ನಾಲ್ಕು ಸಾಲಿನಲ್ಲಿದೆ. ಆದರೆ ನನಗೊಂದು ತಕರಾರು. ಲೋಕಕ್ಕೆ ಕರ್ತೃವೇ ಇಲ್ಲ ಅನ್ನುವ ಜೈನನೂ ಕರ್ತೃ ಇದ್ದೇ ಇದ್ದಾನೆ ಅನ್ನುವ ನೈಯಾಯಿಕನೂ ಹೇಳುವುದು ಒಂದೇ ಅಂದುಬಿಟ್ಟರೆ ಜಗಳವೇನೋ ನಿಲ್ಲುತ್ತದೆ, ಪ್ರಶ್ನೆಯೂ ನಿಂತುಹೋಗುತ್ತದಲ್ಲ? ಸೌಹಾರ್ದಕ್ಕೆ ಆ ಶ್ಲೋಕ ಬಹಳ ಒಳ್ಳೆಯದು. ಮಗುವಿಗೆ ಶಾಂತಲೆಯ ಊಟದ ಮನೆಯೇ ಒಳ್ಳೆಯದು ಅಂತ ನನ್ನ ಲೆಕ್ಕ.

ಬೇಲೂರಿಗೆ ಹೋಗಿ ಕಪ್ಪೆಯ ಕಥೆ ಕೇಳದೆ ಬರುವ ಮಗು ಇಲ್ಲ. ಜಕಣಾಚಾರಿ ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಅಂತ ಎಲ್ಲಿಂದಲೋ ಬಂದ ಹುಡುಗ ಡಂಕಣ ಹೇಳುತ್ತಾನೆ. ಇದ್ದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆ ಅನ್ನುತ್ತಾನೆ ಜಕಣ. ಹುಡುಗ ಉಳಿ ಎತ್ತುವುದಿಲ್ಲ. ಮೊದಲು ವಿಗ್ರಹದ ಮೈಗೆಲ್ಲ ಗಂಧ ಬಳಿಯುತ್ತಾನೆ. ಎಲ್ಲ ಕಡೆ ಗಂಧ ಒಣಗುತ್ತದೆ, ಹೊಕ್ಕುಳ ಸುತ್ತ ಮಾತ್ರ ಹಸಿಯಾಗೇ ಉಳಿಯುತ್ತದೆ. ಅಲ್ಲಿ ತಟ್ಟಿದಾಗ ನೀರು, ಮರಳು, ಕಪ್ಪೆ.

“ಕಾಯಿ ಅಲ್ಲಾಡ್ಸಿದಂಗೆ!” ಅಂತ ಪುಟ್ಟಿ ಕೂಗಿದ್ದಕ್ಕೆ ಪಕ್ಕದ ಪ್ರವಾಸಿಗಳೆಲ್ಲ ತಿರುಗಿದರು. ನನ್ನ ಸರ್ವೀಸಿನಲ್ಲಿ ಅಷ್ಟು ಖುಷಿ ಕೊಟ್ಟ ಉತ್ತರಪತ್ರಿಕೆ ಯಾವುದೂ ಇರಲಿಲ್ಲ.

ಜಕಣಾಚಾರಿ ಇದ್ದನೋ ಇಲ್ಲವೋ, ಅಲ್ಲಿನ ಶಾಸನದಲ್ಲಂತೂ ಸಿಕ್ಕುವುದಿಲ್ಲ. ಬೇಲೂರಿನ ಕಲ್ಲಿನಲ್ಲಿ ಹೆಸರು ಬರೆದು ಹೋದವರು ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ. ಅಪ್ಪ ಮಗ ಒಂದೇ ಗುಡಿಯಲ್ಲಿ ಒಟ್ಟಿಗೆ ಕೆಲಸ ಮಾಡಿ ಸಹಿ ಹಾಕಿದ ನಿಜ ಕಣ್ಣೆದುರಿಗಿದೆ. ನಾವು ನೆನಪಿಟ್ಟುಕೊಂಡಿರುವುದು ಮಾತ್ರ ಅಪ್ಪ ಜಕಣ, ಮಗ ಡಂಕಣ ಎದುರಾಬದುರು ನಿಂತ ಕಥೆ. ಪುಟ್ಟಿಗೆ ಇದನ್ನು ಹೇಳಿದಾಗ ಅವಳಿಗೆ ಅದರಲ್ಲಿ ಆಸಕ್ತಿಯೇ ಇರಲಿಲ್ಲ. ಅವಳ ಮನಸ್ಸೆಲ್ಲ ಕಪ್ಪೆಯ ಮೇಲೆ.

“ಆ ಕಪ್ಪೆಗೆ ಆಚೆ ಲೋಕ ಐತೆ ಅಂತ ಗೊತ್ತಿತ್ತಾ?”

“ಇರಲಿಕ್ಕಿಲ್ಲ.”

“ಹಂಗಾದ್ರೆ ನಮಗೆ?”

ಗುಹೆಯಲ್ಲಿ ಕಟ್ಟಿಹಾಕಿದ ಜನ ಗೋಡೆಯ ಮೇಲಿನ ನೆರಳನ್ನೇ ನಿಜ ಅಂದುಕೊಂಡರು ಅಂತ ಪ್ಲೇಟೋ ಒಂದು ಕಥೆ ಕಟ್ಟಿದ. ಅವನ ಗುರು ಸಾಕ್ರೆಟೀಸನ ಅಪ್ಪ ಕಲ್ಲುಕುಟಿಗ, ಗೊತ್ತೇ? ಮಗ ಉಳಿ ಬಿಟ್ಟು ಅಥೆನ್ಸಿನ ಪೇಟೆ ಬೀದಿಯಲ್ಲಿ ಸಿಕ್ಕಸಿಕ್ಕವರ ಜೊತೆ ಹರಟೆಗೆ ಕೂತ. ಧೈರ್ಯ ಅಂದರೇನು, ನ್ಯಾಯ ಅಂದರೇನು? ಒಂದಕ್ಷರ ಬರೆಯಲಿಲ್ಲ. ಕ್ರಿಸ್ತಪೂರ್ವ 399ರಲ್ಲಿ ಊರಿನ ಹುಡುಗರನ್ನು ಕೆಡಿಸಿದ ಎಂಬ ಆರೋಪ ಹೊರಿಸಿ ಅವನಿಗೆ ವಿಷ ಕುಡಿಸಿದರು. ಹರಟೆ ಹೊಡೆದದ್ದಕ್ಕೆ ಇಷ್ಟು ದುಬಾರಿ ಬೆಲೆ ತೆತ್ತವರು ಅಪರೂಪ. ಗೌಡ್ರು ಇನ್ನೂ ನನ್ನ ಮೇಲೆ ಆ ಆರೋಪ ಹೊರಿಸಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಪುಟ್ಟಿ ನನ್ನ ಭುಜಕ್ಕೊರಗಿ ನಿದ್ದೆ ಹೋದಳು. ಆಗ ನನಗೆ ಯಲ್ಲಂಬಳಸೆಯ ಸುಬ್ರಹ್ಮಣ್ಯ ಶರ್ಮರ ನೆನಪಾಯಿತು. 1880ರಲ್ಲಿ ಹುಟ್ಟಿದವರು, ಊರು ನಮ್ಮ ಪಕ್ಕದ ಕಡೂರು ತಾಲ್ಲೂಕು, ವೃತ್ತಿ ನನ್ನದೇ, ಮೇಷ್ಟ್ರುಗಿರಿ. ವೇದಾಂತ ಸಂಸ್ಕೃತ ಬಲ್ಲ ನಾಲ್ಕು ಜನರ ಸ್ವತ್ತಾಗಬಾರದು ಅಂತ 1920ರಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ತೆರೆದರು. ಮುಂದೆ ಅದು ನಮ್ಮ ಜಿಲ್ಲೆಯ ಹೊಳೆನರಸೀಪುರಕ್ಕೆ ಬಂತು. ಸಚ್ಚಿದಾನಂದೇಂದ್ರ ಸರಸ್ವತಿಗಳಾಗಿ ಸನ್ಯಾಸ ತೆಗೆದುಕೊಂಡ ಮೇಲೂ ಬರವಣಿಗೆ ನಿಲ್ಲಿಸಲಿಲ್ಲ, ಶಂಕರರ ಭಾಷ್ಯಗಳನ್ನು ಕನ್ನಡಕ್ಕೆ ತಂದರು. ಅವರು ಹಿಡಿದ ದಾರಿ ನನಗೆ ಇಷ್ಟ. ಎಚ್ಚರ, ಕನಸು, ಗಾಢನಿದ್ದೆ, ಈ ಮೂರರಿಂದಲೇ ಆರಂಭಿಸು ಅನ್ನುತ್ತಾರೆ. ಓದು ಬಾರದವನಿಗೂ ನಿದ್ದೆ ಬರುತ್ತದೆ ತಾನೇ. ಕನಸಿಲ್ಲದ ನಿದ್ದೆಯಲ್ಲಿ ಹೆಸರಿಲ್ಲ, ಊರಿಲ್ಲ, ತಾತ ಅಜ್ಜಿ ಇಲ್ಲ. ಎದ್ದ ಮೇಲೆ ‘ಚೆನ್ನಾಗಿ ನಿದ್ದೆ ಮಾಡಿದೆ’ ಅನ್ನುತ್ತೇವಲ್ಲ, ಅದು ಯಾರಿಗೆ ಗೊತ್ತಾಯಿತು?

ಇನ್ನೊಂದು ದಡದಲ್ಲಿ ಎ.ಎನ್. ಮೂರ್ತಿರಾಯರು. ಲಲಿತ ಪ್ರಬಂಧ ಬರೆದು ನಮ್ಮನ್ನು ನಗಿಸುತ್ತಿದ್ದವರು ತೊಂಬತ್ತು ದಾಟಿದ ಮೇಲೆ, 1991ರಲ್ಲಿ, ‘ದೇವರು’ ಅಂತ ಪುಸ್ತಕ ಬರೆದು, ಅವನಿದ್ದಾನೆ ಅಂತ ನನಗೆ ಅನ್ನಿಸುತ್ತಿಲ್ಲ ಅಂತ ತಣ್ಣಗೆ ವಾದ ಮಾಡಿದರು. ಅಷ್ಟೊಂದು ಜನ ಆಸ್ತಿಕರು ಮೆಚ್ಚಿ ಓದಿದ ನಾಸ್ತಿಕ ಪುಸ್ತಕ ಕನ್ನಡದಲ್ಲಿ ಇನ್ನೊಂದು ಇರಲಿಕ್ಕಿಲ್ಲ. ಪುಟ್ಟಿಗೆ ಹದಿನೈದಾಗಲಿ, ಇಬ್ಬರ ಪುಸ್ತಕವನ್ನೂ ಒಟ್ಟಿಗೆ ಕೊಡುತ್ತೇನೆ. ಒಂದನ್ನೇ ಕೊಡುವುದಿಲ್ಲ.

ಜಾವಗಲ್ ದಾಟಿದ ಮೇಲೆ ಬಸ್ಸು ಎತ್ತಿಹಾಕಿದ ರಭಸಕ್ಕೆ ಎದ್ದಳು. “ಊರು ಬಂತಾ? ನಾನು ಎಷ್ಟೊತ್ತು ಇರ್ಲಿಲ್ಲ?” ಅಂದಳು.

‘ಎಷ್ಟೊತ್ತು ಮಲಗಿದ್ದೆ’ ಅನ್ನಲಿಲ್ಲ ನೋಡಿ.

ರಜ ಮುಗಿದು, ಮಳೆ ಹಿಡಿದು, ಶಾಲೆ, ಹೋಂವರ್ಕು, ಟ್ಯೂಷನ್ನು ಎಂದು ಪುಟ್ಟಿ ಬೇಲಿ ಕಡೆ ಬರುವುದು ಕಡಿಮೆಯಾಯಿತು. ಗಣಪತಿ ಹಬ್ಬ ಕಳೆದ ಮೇಲೆ ಒಂದು ಭಾನುವಾರ ತೊಂಡೆಕಾಯಿ ಬಿಡಿಸಲು ಹೋದ ಗೌಡ್ರು “ಮೇಷ್ಟ್ರೇ, ಬನ್ನಿ ಇಲ್ಲಿ” ಅಂತ ಕೂಗಿದರು. ಬಳ್ಳಿಯ ಅಡಿಯಲ್ಲಿ ನಾವೆಲ್ಲ ಮರೆತಿದ್ದ ಕಾಯಿ ಮೊಳಕೆ ಒಡೆದಿತ್ತು. ಗೇಣುದ್ದದ ಮೊಳಕೆ ತಂತಿಯನ್ನು ಸವರಿಕೊಂಡು ಎದ್ದಿದೆ, ಬೇರು ಎರಡು ಕಡೆಗೂ ಇಳಿದಿದೆ.

ಪುಟ್ಟಿ ಓಡಿಬಂದು ಮಂಡಿಯೂರಿ ಕೂತು ನೋಡಿದಳು.

“ತಗೊಳ್ಳಿ ಮೇಷ್ಟ್ರೇ, ನಿಮ್ಮ ಕಡೇನೇ ನೆಟ್ಕೊಳ್ಳಿ,” ಅಂದರು ಗೌಡ್ರು.

“ಛೆ ಛೆ, ನಿಮ್ಮ ಮರದ್ದು,” ಅಂದೆ ನಾನು.

“ಇರ್ರಿ,” ಅಂದಳು ಪುಟ್ಟಿ. “ಇದು ಅದೇ ಕಾಯಾ?”